ಗೂಗಿಮೂಲಿಯ ಹೊಸನೀರು

ಹೊಸಪೇಟೆಯಲ್ಲಿ ಒಂದು ಹನಿಯೂ ಬೀಳದ ದಿನವೇ ನನಗೆ ಹಿನ್ನೀರಿನ ಭಯ ಹೆಚ್ಚು. ಮಳೆ ಸುರಿಯುವುದು ಎಲ್ಲೋ ಮೇಲಿನ ಘಟ್ಟದಲ್ಲಿ, ತುಂಬುವುದು ನಮ್ಮ ಡ್ಯಾಮು. ಇಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ, ಆಕಾಶದಲ್ಲಿ ಮೋಡದ ಚೂರೂ ಇರುವುದಿಲ್ಲ, ಕೆಳಗೆ ನೀರು ಸದ್ದಿಲ್ಲದೆ ಏರುತ್ತಿರುತ್ತದೆ. ಹೊರಗಿನಿಂದ ಬಂದವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಇಲ್ಲಿಯವರು ಗೊತ್ತಿದ್ದೂ ಮರೆಯುತ್ತಾರೆ.

ಸಂಡೂರಿನ ಗುಡ್ಡಸಾಲು ಹಿನ್ನೀರಿಗೆ ಇಳಿಯುವ ಕಡೆ ಎರಡು ಗುಡ್ಡಗಳು ತೋಳು ಚಾಚಿ ನೀರಿನೊಳಕ್ಕೆ ಹೋಗಿವೆ. ಆ ತೋಳುಗಳ ನಡುವಿನ ಕೊಲ್ಲಿಯೇ ಗೂಗಿಮೂಲಿ. ರಸ್ತೆ ಇಲ್ಲ, ಊರಿಲ್ಲ, ಕೆಳಗೆ ಫೋನು ಹತ್ತುವುದಿಲ್ಲ. ಗೂಬೆಯ ಮೂಲೆ ಎಂದು ಹೆಸರಾದರೂ ಗೂಗಿಯನ್ನಂತೂ ನಾನು ಅಲ್ಲಿ ಒಂದು ದಿನವೂ ಕಂಡಿಲ್ಲ. ಫೋಟೋ ನೋಡಿದವರು ಸಮುದ್ರ ಎಂದುಕೊಳ್ಳುತ್ತಾರೆ, ಹಂಪಿ ನೋಡಲು ಬಂದವರು ಒಂದು ದಿನ ಉಳಿಸಿಕೊಂಡು ಅಲ್ಲಿಗೆ ಕರೆದುಕೊಂಡು ಹೋಗಿ ಎಂದು ದುಂಬಾಲು ಬೀಳುತ್ತಾರೆ. ಕರೆದುಕೊಂಡು ಹೋಗುವುದು ನನ್ನ ಕೆಲಸ. ಇದನ್ನು ನಾನು ಮತ್ತು ನನ್ನ ಗಂಡ ಇಬ್ಬರೂ ಸೇರಿ ಶುರು ಮಾಡಿದ್ದೆವು. ಅದಿರಿನ ಲಾರಿಯೊಂದು ಅವರ ಬೈಕಿನ ಮೇಲೆ ಹೋದ ಮೇಲೆ ನಾನೊಬ್ಬಳೇ ಮಾಡುತ್ತಿದ್ದೇನೆ. ಗುಡ್ಡಕ್ಕೆ ಹೋಗುವಾಗ ಪ್ಯಾಂಟು, ತುಂಬುತೋಳಿನ ಅಂಗಿ, ಕಿವಿ ಮುಚ್ಚುವ ಟೋಪಿ. ನನ್ನ ಹಣೆಯಲ್ಲಿ ಏನಿದೆ, ಏನಿಲ್ಲ ಎಂಬುದು ಯಾರಿಗೂ ಕಾಣುವುದಿಲ್ಲ, ಕಾಣಲಿ ಎಂದು ನಾನೂ ಟೋಪಿ ತೆಗೆಯುವುದಿಲ್ಲ.

ಆ ಸಲದ ನಡಿಗೆಗೆ ಬಂದವರೆಲ್ಲ ನಮ್ಮ ಸುತ್ತಮುತ್ತಲಿನವರೇ. ಒಬ್ಬ ಬ್ಯಾಂಕಿನ ಅಧಿಕಾರಿ, ನಮ್ಮ ಜೊತೆ ಎಷ್ಟೋ ಗುಡ್ಡ ಹತ್ತಿದವನು, ಈ ಬಾರಿ ತನ್ನ ಅತ್ತೆಯನ್ನು ಕರೆತಂದಿದ್ದ. ಕಂಪ್ಲಿಯ ಅಕ್ಕಿ ಮಿಲ್ಲಿನ ಮನೆಯವರು. ವಯಸ್ಸು ಅರವತ್ತು ದಾಟಿದ್ದರೂ ನಡಿಗೆ ನೋಡಿದರೆ ಹಾಗೆ ಅನ್ನಿಸುತ್ತಿರಲಿಲ್ಲ. ಇಳಕಲ್ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿ, ಅಳಿಯನ ಹಳೆಯ ಬೂಟು ಹಾಕಿಕೊಂಡು, ಹೆಗಲಿಗೆ ಒಂದು ಬಟ್ಟೆಯ ಚೀಲ ಹಾಕಿಕೊಂಡಿದ್ದರು. ಆ ಚೀಲವನ್ನು ಯಾರ ಕೈಗೂ ಕೊಡಲಿಲ್ಲ.

"ಅವ್ವಾರ, ಚೀಲದಾಗ ಏನು ಬಂಗಾರ ಐತೇನ್ರಿ?" ಎಂದು ನಾನು ಕೆಣಕಿದೆ.

"ಬಂಗಾರಕ್ಕಿಂತ ಹೆಚ್ಚಿಂದು ಐತಿ, ಯವ್ವಾ" ಅಂದರು. ನಗಲಿಲ್ಲ.

ನಮ್ಮ ತಂಡದಲ್ಲಿ ಮುಂದೆ ನಾನು, ಕೊನೆಯಲ್ಲಿ ಹಿಂದಾಳು. ಹಿಂದಾಳು ಬಂಡ್ರಿಯವನು. ಗಣಿಯಲ್ಲಿ ಕೆಲಸ ಮಾಡಿ, ಗಣಿ ನಿಂತಾಗ ನಮ್ಮ ಜೊತೆ ಸೇರಿದವನು. ಎಲ್ಲರ ಹಿಂದೆ ನಡೆಯುವುದೇ ಅವನ ಕೆಲಸ, ಅವನ ಬೆನ್ನ ಹಿಂದೆ ಯಾರೂ ಇರಕೂಡದು. ನನ್ನ ಚೀಲದಲ್ಲಿ ಹಗ್ಗ, ಅವನ ಚೀಲದಲ್ಲಿ ಗಾಳಿ ತುಂಬುವ ಎರಡು ಲೈಫ್ ಜಾಕೆಟ್. ನೀರಿಗೆ ಇಳಿಸುವುದಿಲ್ಲ ಎಂದ ಮೇಲೆ ಜಾಕೆಟ್ ಯಾಕೆ ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. "ಊರಿಗೆ ಬಂದಾಕಿ ನೀರಿಗೆ ಬಾರದ ಇರ್ತಾಳೇನ್ರಿ" ಎಂದು ಹಿಂದಾಳು ಪ್ರತಿ ಸಲವೂ ಅದೇ ಮಾತು ಹೇಳುತ್ತಾನೆ.

ನಡೆಯುವವರಿಗೆಲ್ಲ ಒಂದೊಂದು ಅಂಕಿ ಕೊಟ್ಟಿರುತ್ತೇನೆ. ಸಿಳ್ಳೆ ಊದಿದರೆ ಸಾಲಾಗಿ ತಮ್ಮ ತಮ್ಮ ಅಂಕಿ ಕೂಗಬೇಕು. ಬಾಯಿ ಬಿಟ್ಟು ಕೂಗಿದವನೇ ಇದ್ದವನು. ಬೆಳಿಗ್ಗೆ ಹೊರಡುವಾಗ ಇನ್ನೊಂದು ಮಾತನ್ನೂ ಹೇಳಿದ್ದೆ. ಬೇಸಿಗೆಯಲ್ಲಿ ಗೂಗಿಮೂಲಿಯಿಂದ ದಡ ಹಿಡಿದು ಡಾಂಬರು ರಸ್ತೆ ಮುಟ್ಟಬಹುದು. ಒಳಹರಿವು ಏರುತ್ತಿದೆ, ಆದ್ದರಿಂದ ಇವತ್ತು ದಡದ ದಾರಿ ಇಲ್ಲ. ಹತ್ತಿ ಇಳಿದ ಗುಡ್ಡವನ್ನೇ ಮತ್ತೆ ಹತ್ತಿ ವಾಪಸು. ಎಲ್ಲರೂ ತಲೆ ಆಡಿಸಿದರು.

ಗುಡ್ಡದ ನೆತ್ತಿಯಿಂದ ಕೊಲ್ಲಿ ಕಂಡಾಗ ಎಲ್ಲರೂ ಫೋನು ಹೊರಗೆ ತೆಗೆದರು. ನಾನು ನೀರಿನ ಬಣ್ಣ ನೋಡಿದೆ. ಹಿಂದಿನ ವಾರ ತಿಳಿಹಸಿರಾಗಿದ್ದ ಕೊಲ್ಲಿಗೆ ಹೊರಗಿನಿಂದ ಕೆಂಪು ನೀರಿನ ಒಂದು ಅಗಲವಾದ ಪಟ್ಟಿ ಒಳಗೆ ಬರುತ್ತಿತ್ತು. ಹೊಸನೀರು. ಗಾಳಿಯೂ ಇತ್ತು, ಆಷಾಢದ ಗಾಳಿ, ಮಾತು ಬಾಯಿಯಿಂದ ಹೊರಬೀಳುವ ಮೊದಲೇ ಹೊತ್ತುಕೊಂಡು ಹೋಗುವಂಥದ್ದು. ಕಂಪ್ಲಿಯ ಅವ್ವಾರು ನನ್ನ ಪಕ್ಕದಲ್ಲಿ ನಿಂತು ಎರಡೂ ಕೈ ಮುಗಿದರು. ನಮ್ಮ ಕಡೆಯ ಹೆಂಗಸರು ಹೊಸನೀರು ಕಂಡರೆ ಕೈ ಮುಗಿಯುತ್ತಾರೆ, ನಾನೂ ಮುಗಿಯುತ್ತೇನೆ. ಆದ್ದರಿಂದ ಅದರಲ್ಲಿ ವಿಶೇಷವೇನೂ ನನಗೆ ಕಾಣಲಿಲ್ಲ.

ಕೊಲ್ಲಿಯ ಎಡಕ್ಕೆ, ನೀರಿನೊಳಕ್ಕೆ ಚಾಚಿದ ಹಾಗೆ ಒಂದು ಗುಂಡನೆಯ ಬಂಡೆ ಇದೆ. ಆಮೆಬಂಡೆ ಎನ್ನುತ್ತೇವೆ. ದಡಕ್ಕೂ ಅದಕ್ಕೂ ನಡುವೆ ಕಪ್ಪು ಮಣ್ಣಿನ ತಗ್ಗು ನೆಲ. ಬೇಸಿಗೆಯಲ್ಲಿ ಇಟ್ಟಂಗಿ ಭಟ್ಟಿಯವರು ಒಣಗಿದ ಹಿನ್ನೀರಿನಲ್ಲಿ ಟ್ರ್ಯಾಕ್ಟರ್ ತಂದು ಅಲ್ಲಿ ಮಣ್ಣು ತೋಡುತ್ತಾರೆ. ಅವರು ತೋಡಿದ ಗುಂಡಿಗಳು ಹಾಗೇ ಉಳಿಯುತ್ತವೆ. ನಾವು ಇಳಿದಾಗ ತಗ್ಗು ನೆಲ ಒಣಗಿಯೇ ಇತ್ತು. ನೀರಿನ ಅಂಚಿಗೆ ಒಂದು ಕೋಲು ನೆಟ್ಟೆ. ಇದು ನನ್ನ ರೂಢಿ, ಕೋಲು ನೆಡದೆ ನಾನು ಬುತ್ತಿ ಬಿಚ್ಚುವುದಿಲ್ಲ.

ಊಟ ಮುಗಿಸಿ, ಜೋಳದ ರೊಟ್ಟಿಯ ಮೇಲೆ ಒಂದು ಸಣ್ಣ ನಿದ್ದೆ ಎಲ್ಲರೂ ಮಾಡಿದರು. ನಾನು ಹೋಗಿ ನೋಡಿದರೆ ಕೋಲು ನೀರಿನ ನಡುವೆ ನಿಂತಿತ್ತು. ನೀರು ಎತ್ತರದಲ್ಲಿ ಏರಿದ್ದು ಸ್ವಲ್ಪವೇ. ಆದರೆ ಸಪಾಟು ನೆಲದಲ್ಲಿ ಬೆರಳಷ್ಟು ಏರಿದರೆ ಮಾರುದ್ದ ಒಳಗೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಎಚ್ಚರಿಸಿದ್ದು ಇರುವೆಗಳು. ಮಣ್ಣಿನ ಬಿರುಕುಗಳಿಂದ ಬಿಳಿ ಮೊಟ್ಟೆ ಹೊತ್ತ ಇರುವೆಗಳ ಸಾಲು ಮೇಲಕ್ಕೆ, ನಮ್ಮ ಬುತ್ತಿಯ ಕಡೆಗೆ ಕಣ್ಣೆತ್ತಿಯೂ ನೋಡದೆ ಹೋಗುತ್ತಿತ್ತು. ಬೆಲ್ಲ ಬಿದ್ದಿದ್ದರೂ ನಿಲ್ಲದ ಇರುವೆಯನ್ನು ನಾನು ಅದೇ ಮೊದಲು ಕಂಡದ್ದು. ನನಗೆ ಅದು ಸರಿಬರಲಿಲ್ಲ.

ಸಿಳ್ಳೆ ಊದಿದೆ. ಚೀಲ ಕಟ್ಟಿಸಿದೆ. ಅಂಕಿ ಕೂಗಿಸಿದೆ. ಎಲ್ಲ ಅಂಕಿಯೂ ಬಂತು. ಗುಡ್ಡ ಹತ್ತಿದೆವು.

ಅರ್ಧ ಗುಡ್ಡದಲ್ಲಿ ನೀರು ಕುಡಿಯಲು ನಿಂತಾಗ ಒಬ್ಬ ಹೆಂಗಸು ಕೇಳಿದಳು: "ಕಂಪ್ಲಿ ಅವ್ವಾರು ಮುಂದ ಹೋದ್ರೇನ್ರಿ?"

ಮುಂದೆ ಇದ್ದವಳು ನಾನು. ನನ್ನ ಮುಂದೆ ಯಾರೂ ಹೋಗಿರಲಿಲ್ಲ.

ಅಳಿಯನನ್ನು ನೋಡಿದೆ. ಅವನ ಮುಖ ಸುಣ್ಣ ಬಳಿದಂತಾಗಿತ್ತು. ಅತ್ತೆಯ ಅಂಕಿಯನ್ನು ಅವನೇ ಕೂಗಿದ್ದ. ಊಟಕ್ಕೆ ಮುಂಚೆ ಹೆಂಗಸರ ಒಂದು ಗುಂಪು ಪೊದೆಗಳ ಆಚೆ ಹೋಗಿತ್ತು, ಅತ್ತೆಯೂ ಅದರಲ್ಲಿ ಇದ್ದಾರೆ ಎಂದುಕೊಂಡ. ಊಟದ ಹೊತ್ತಿಗೂ ಹೆಂಗಸರು ಬಂಡೆಯ ನೆರಳಿಗೆ ಬೇರೆ ಕೂತಿದ್ದರು. ಅತ್ತೆ ಎಲ್ಲಿಗೆ ಹೋದರು, ಬಂದರೋ ಇಲ್ಲವೋ ಎಂದು ಅಳಿಯ ಇನ್ನೊಬ್ಬ ಹೆಂಗಸನ್ನು ಕೇಳುವುದು ನಮ್ಮ ಕಡೆ ನಾಚಿಕೆಯ ಮಾತು. ಕೇಳುವ ಬದಲು ಮರ್ಯಾದೆ ಉಳಿಸಲು ಅಂಕಿ ಕೂಗಿಬಿಟ್ಟ. ಬೇರೆ ಊರಿನ ಅಳಿಯನಾಗಿದ್ದರೆ ಬಹುಶಃ ಕೇಳುತ್ತಿದ್ದ. ನನಗೆ ಬಂದ ಸಿಟ್ಟಿಗೆ ಅವನನ್ನು ಅಲ್ಲಿಂದಲೇ ಉರುಳಿಸಬೇಕು ಅನ್ನಿಸಿತು. ಅದಕ್ಕೂ ಹೊತ್ತಿರಲಿಲ್ಲ.

ಹಿಂದಾಳಿಗೆ ಹೇಳಿದೆ: "ತಮ್ಮಾ, ಎಲ್ಲಾರ್ನೂ ನೆತ್ತಿಗೆ ಮುಟ್ಸು. ಅಲ್ಲಿ ಫೋನ್ ಹತ್ತತೈತಿ. ಮೀನು ಹಿಡಿಯೋರಿಗೆ ಹೇಳಿ ತೆಪ್ಪ ತರ್ಸು. ಜಾಕೆಟ್ ನನಗ ಕೊಟ್ಟು ಹೋಗು. ಆಮ್ಯಾಲ ಜಲ್ದಿ ಕೆಳಗ ಬಾ." ಅಳಿಯನನ್ನೂ, ಗಟ್ಟಿಮುಟ್ಟಾದ ಇನ್ನಿಬ್ಬರನ್ನೂ ಕರೆದುಕೊಂಡು ಇಳಿದೆ.

ಕೊಲ್ಲಿ ಅಷ್ಟರಲ್ಲಿ ಬೇರೆಯೇ ಆಗಿತ್ತು. ನಾವು ಊಟ ಮಾಡಿದ ಜಾಗದ ಅಂಚಿಗೆ ನೀರು ಬಂದಿತ್ತು. ತಗ್ಗು ನೆಲ ಕಾಣುತ್ತಿರಲಿಲ್ಲ. ಆಮೆಬಂಡೆ ನಡುಗಡ್ಡೆಯಾಗಿತ್ತು, ಗಾಳಿಗೆ ಎದ್ದ ಕೆಂಪು ಅಲೆಗಳು ಅದರ ಎರಡೂ ಬದಿಯಿಂದ ಬಂದು ನಡುವೆ ಒಂದಕ್ಕೊಂದು ಬಡಿಯುತ್ತಿದ್ದವು. ಕೂಗಿದೆವು, ಸಿಳ್ಳೆ ಊದಿದೆ. ಪೊದೆಗಳ ಹಿಂದೆ ಯಾರೂ ಇರಲಿಲ್ಲ. ಅಳಿಯ ಅಳುವ ದನಿಯಲ್ಲಿ "ಅತ್ತೀ, ಅತ್ತೀ" ಎಂದು ದಡದುದ್ದಕ್ಕೂ ಓಡಾಡುತ್ತಿದ್ದ.

ಆಗ ಗಾಳಿಯಲ್ಲಿ ಊದಿನಕಡ್ಡಿಯ ವಾಸನೆ ಬಂತು. ನೀರಿನ ಕಡೆಯಿಂದ ಬಂತು.

ಜೀವ ಇದೆ ಎಂದು ಸಂತೋಷ ಆಗಬೇಕಿತ್ತು, ಆಗಲಿಲ್ಲ. ಆ ವಾಸನೆಯನ್ನು ನಾನು ನನ್ನ ಮನೆಯಂಗಳದಲ್ಲಿ, ಗಂಡನ ಹೆಣದ ಪಕ್ಕ, ಒಮ್ಮೆ ಸಾಕಷ್ಟು ಕುಡಿದಿದ್ದೇನೆ. ಅವ್ವಾರು ಬಂಡೆಯ ಆಚೆ ಮಗ್ಗುಲಲ್ಲಿ, ನಮಗೆ ಬೆನ್ನಾಗಿ, ನೀರಿಗೆ ಮುಖಮಾಡಿ ಕೂತಿದ್ದಾರೆ ಎಂದು ಆಗ ಹೊಳೆಯಿತು. ಅದಕ್ಕೇ ದಡದಿಂದ ಕಂಡಿರಲಿಲ್ಲ.

"ಏನೋ ಇದು?" ಎಂದು ಅಳಿಯನನ್ನು ಹಿಡಿದು ನಿಲ್ಲಿಸಿ ಕೇಳಿದೆ.

ಅವನು ತಡವರಿಸುತ್ತ ಹೇಳಿದ. ಹೆಂಡತಿ ಬಸುರಿ, ಏಳನೇ ತಿಂಗಳು. ಮೊದಲಿನ ಎರಡು ನಿಲ್ಲಲಿಲ್ಲ. ಹೊಸನೀರು ಬಂದಾಗ ಗಂಗವ್ವನಿಗೆ ಉಡಿ ಕೊಡುತ್ತೇನೆಂದು ಅತ್ತೆ ಹರಕೆ ಹೊತ್ತಿದ್ದರು. "ದಡದಾಗ ಇಟ್ಟು ಕೈ ಮುಗುದು ಬರ್ತಾರ ಅನ್ಕಂಡಿದ್ದೆ, ಮೇಡಂ. ಅದಕ್ಕ ಕರ್ಕಂಡು ಬಂದೆ."

ಬಂಡೆಯನ್ನು ಇನ್ನೊಮ್ಮೆ ನೋಡಿದೆ. ಹಿನ್ನೀರಿನ ಬಂಡೆಗಳ ಮೇಲೆ ಒಂದು ಗೆರೆ ಇರುತ್ತದೆ. ಡ್ಯಾಮು ತುಂಬಿದಾಗ ನೀರು ಮುಟ್ಟುವಲ್ಲಿಯವರೆಗೆ ಬಂಡೆ ಬೆಳ್ಳಗೆ, ಅದರ ಮೇಲೆ ಕಪ್ಪಗೆ. ಸುತ್ತಲಿನ ಗುಡ್ಡದಲ್ಲೆಲ್ಲ ಆ ಗೆರೆ ನನ್ನ ತಲೆಗಿಂತ ಎಷ್ಟೋ ಮೇಲೆ ಇತ್ತು. ಆಮೆಬಂಡೆಗೆ ಗೆರೆಯೇ ಇರಲಿಲ್ಲ. ನೆತ್ತಿಯವರೆಗೂ ಬೆಳ್ಳಗಿತ್ತು.

ಅದು ಸಂಜೆಯೊಳಗೆ ಮುಳುಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ನಡುವಿನ ನೀರು ಕತ್ತಲಾಗುವಷ್ಟರಲ್ಲಿ ಆಳವಾಗುತ್ತದೆ, ಕೈಮೀರುತ್ತದೆ. ಆಮೇಲೆ ರಾತ್ರಿಯಿಡೀ ಅಲೆ ಹೊಡೆಯುವ ಬಂಡೆಯ ಮೇಲೆ ಒಬ್ಬ ಮುದುಕಿ. ತೆಪ್ಪ ಬಂದರೆ ಆಯಿತು ಎಂದು ಕಾದೆ. ಹಿಂದಾಳು ಏದುಸಿರು ಬಿಡುತ್ತ ಇಳಿದು ಬಂದ. ಅವನ ಮುಖ ನೋಡಿಯೇ ಉತ್ತರ ಗೊತ್ತಾಯಿತು.

"ಈ ಗಾಳಿಯಾಗ ತೆಪ್ಪ ಬಿಡಂಗಿಲ್ಲಂತ್ರಿ ಅಕ್ಕಾರ. ತಿರುಗಿ ಬಿಡತೈತಂತ. ಗಾಳಿ ಬಿದ್ದ ಮ್ಯಾಲ ಬರ್ತಾರಂತ."

"ಗಾಳಿ ಯಾವಾಗ ಬೀಳತೈತಿ?"

"ಮುಂಜಾನಿ."

ನಾನು ಬೂಟಿನ ದಾರ ಬಿಗಿದೆ. ಒಂದು ಜಾಕೆಟ್ ತೊಟ್ಟೆ, ಇನ್ನೊಂದನ್ನು ಬೆನ್ನಿಗೆ ಕಟ್ಟಿಕೊಂಡೆ. ಹಗ್ಗದ ಒಂದು ತುದಿ ನನ್ನ ನಡುವಿಗೆ, ಇನ್ನೊಂದು ದಡದ ಹೆಬ್ಬಂಡೆಗೆ ಎರಡು ಸುತ್ತು ಹಾಕಿ ಹಿಂದಾಳಿನ ಕೈಗೆ. ಗಣಿಯಲ್ಲಿ ಇಳಿಜಾರಿನಲ್ಲಿ ಆಳುಗಳನ್ನು ಇಳಿಸಿ ಎತ್ತಿದ ಕೈ ಅದು, ಹಗ್ಗ ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು ಎಂದು ಹೇಳಿಕೊಡುವ ಅಗತ್ಯ ಇರಲಿಲ್ಲ. ಅಳಿಯ ತಾನೇ ಹೋಗುತ್ತೇನೆ ಎಂದ. ಈಜು ಬರುತ್ತದೆಯೇ ಎಂದು ಕೇಳಿದೆ. ಬರುವುದಿಲ್ಲ ಎಂದ. ಹಗ್ಗ ಹಿಡಿಯುವುದಕ್ಕೆ ಅವನನ್ನೂ ಉಳಿದಿಬ್ಬರನ್ನೂ ಸಾಲಾಗಿ ನಿಲ್ಲಿಸಿದೆ.

ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎನ್ನುತ್ತಾರಲ್ಲ, ಆ ನೀರಿನಲ್ಲಿ ನನ್ನ ಬುದ್ಧಿಯೆಲ್ಲ ಅಲ್ಲಿಯೇ ಇತ್ತು. ನಡೆಯುವ ಕೋಲಿನಿಂದ ಮುಂದೆ ಚುಚ್ಚಿ ನೋಡುವುದು, ಗಟ್ಟಿ ಸಿಕ್ಕರೆ ಒಂದು ಕಾಲು ಜಾರಿಸುವುದು, ಆ ಕಾಲು ನಿಂತ ಮೇಲೆ ಇನ್ನೊಂದನ್ನು ಕೆಸರಿನಿಂದ ಕೀಳುವುದು. ಕಾಲು ಎತ್ತಿ ಹೆಜ್ಜೆ ಹಾಕಿದರೆ ಕೆಸರು ಬೂಟನ್ನು ಇಟ್ಟುಕೊಳ್ಳುತ್ತದೆ. ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ಒಂದು ಕಡೆ ಕೋಲು ಚುಚ್ಚಿದರೆ ತಳವೇ ಇಲ್ಲ. ಇಟ್ಟಂಗಿಯವರ ಗುಂಡಿ. ಎಡಕ್ಕೆ ಸರಿದು ಅದರ ಅಂಚು ಹುಡುಕಿದೆ, ಇನ್ನೂ ಎಡಕ್ಕೆ ಸರಿದೆ. ಅಲೆ ಮುಖಕ್ಕೆ ಹೊಡೆದು ಬಾಯಲ್ಲಿ ಮಣ್ಣಿನ ರುಚಿ ಬಂತು. ಒಣಗಿದ ಜೋಳದ ದಂಟು, ಯಾವುದೋ ಹೊಲದ ಬೇಲಿಯ ಮುಳ್ಳು, ಊದಿದ ಹೊಟ್ಟೆಯ ಒಂದು ನಾಯಿ ತೇಲಿ ಬಂದವು. ನಾಯಿ ನನ್ನ ಹಗ್ಗಕ್ಕೆ ತಾಗಿ ಸ್ವಲ್ಪ ಹೊತ್ತು ನಿಂತು ಆಮೇಲೆ ಹೋಯಿತು. ನನಗೆ ಭಯವಾಯಿತು. ಎಷ್ಟೆಂದರೆ ಸತ್ತ ಗಂಡನನ್ನು ಬೈದೆ, ಈ ಕೆಲಸ ನನ್ನ ತಲೆಗೆ ಕಟ್ಟಿ ಹೋದರಲ್ಲ ಎಂದು.

ಬಂಡೆ ಹತ್ತಿ ಆಚೆ ಇಳಿದೆ. ಅವ್ವಾರು ಕಾಲು ಮಡಿಸಿ ನೆಟ್ಟಗೆ ಕೂತಿದ್ದರು. ಅವರ ಮುಂದೆ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಮಡಿಸಿದ ಹಸಿರು ಕುಪ್ಪಸದ ಕಣ, ಹಸಿರು ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಎಲೆ ಅಡಿಕೆ. ಗಾಳಿಗೆ ಹಾರದಂತೆ ಸುತ್ತ ಸಣ್ಣ ಕಲ್ಲು ಇಟ್ಟಿದ್ದರು. ಬಿರುಕುಗಳಿಂದ ಎದ್ದ ಚೇಳುಗಳು ಬಂಡೆಯ ಮೇಲ್ಭಾಗಕ್ಕೆ ಹೋಗುತ್ತಿದ್ದವು, ಒಂದು ಅವರ ಸೀರೆಯ ನೆರಿಗೆಯ ಪಕ್ಕದಲ್ಲೇ ಹೋಯಿತು. ಅವರು ನೋಡಿದರು, ಅಲುಗಲಿಲ್ಲ.

"ಏಳ್ರಿ ಅವ್ವಾರ, ಹೋಗೋಣು. ಹಿಂದ ನೀರು ತುಂಬೇತಿ."

"ಇನ್ನೊಂದ್ ಗೇಣು ಐತಿ, ಯವ್ವಾ" ಅಂದರು ನೀರಿನ ಕಡೆ ತೋರಿಸಿ. "ಆಕಿ ಬಂದು ತಗಂಡ ಕೂಡ್ಲೇ ಏಳ್ತೀನಿ."

ಅವರ ಮನೆಯ ಪದ್ಧತಿ ಹಾಗೆ. ಉಡಿಯನ್ನು ನೀರಿಗೆ ಹಾಕುವುದಲ್ಲ. ಒಣ ಕಲ್ಲಿನ ಮೇಲೆ ಇಟ್ಟು, ಹೊಸನೀರು ತಾನಾಗಿ ಏರಿ ಬಂದು ಒಯ್ಯುವವರೆಗೆ ಕೂತಿರಬೇಕು. ನಡುವೆ ಎದ್ದರೆ ಕೊಟ್ಟದ್ದು ಮುಟ್ಟುವುದಿಲ್ಲ. ಕಂಪ್ಲಿಯ ಹೊಳೆಯಲ್ಲಿ ಇದು ಅರ್ಧ ತಾಸಿನ ಕೆಲಸ. ನದಿ ಬಂದಾಗ ಕಲ್ಲನ್ನು ಒಂದೇ ಸಲಕ್ಕೆ ಎತ್ತಿಕೊಂಡು ಹೋಗುತ್ತದೆ. ಹಿನ್ನೀರು ಹಾಗಲ್ಲ. ಅದು ಮುಂದೆ ಒಂದು ಗೇಣು ಬರುವಷ್ಟರಲ್ಲಿ ಹಿಂದಿನಿಂದ ದಾರಿ ನುಂಗಿರುತ್ತದೆ. ಹೊಳೆಯ ಲೆಕ್ಕವನ್ನು ಅವರು ಹಿನ್ನೀರಿಗೆ ಹಾಕಿದ್ದರು.

"ಅಲ್ಲೇ ಕಂಪ್ಲ್ಯಾಗ ಕೊಡಬೇಕಿತ್ತಲ್ರಿ."

"ಹೋದ ವರ್ಷ ಅಲ್ಲೇ ಕೊಟ್ಟೆ. ನೀರು ಇನ್ನೇನು ಮುಟ್ಟಬೇಕು, ಮನೀಂದ ಫೋನ್ ಬಂತು. ಎದ್ದೆ." ಅವರ ದನಿ ಸ್ವಲ್ಪವೂ ಏರಲಿಲ್ಲ. "ಎಂಟು ದಿನದಾಗ ಕೂಸು ಹೋತು. ಈಗ ಅಲ್ಲಿ ಕುಂದ್ರಾಕ ನನಗ ಕಾಲು ಬರವಲ್ಲವು. ಈ ಸಲ ನಾನು ಏಳಂಗಿಲ್ಲ. ನೀವು ಹೋಗ್ರಿ."

ನನ್ನ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಒಪ್ಪದವರನ್ನು ಹಗ್ಗಕ್ಕೆ ಕಟ್ಟಬಾರದು. ಎಳೆದುಕೊಂಡು ಹೋಗಬಹುದಿತ್ತು, ನನ್ನ ರಟ್ಟೆಯಲ್ಲಿ ಅಷ್ಟು ಬಲ ಇದೆ. ಆದರೆ ಆ ಗುಂಡಿಯ ಅಂಚಿನಲ್ಲಿ ಅವರು ಒಮ್ಮೆ ಕೊಸರಿಕೊಂಡರೆ ಇಬ್ಬರೂ ಒಳಗೆ. ಹೇಳಿ ನೋಡಿದೆ, ಗದರಿಸಿ ನೋಡಿದೆ. ಮಗಳು ಹೆರಿಗೆಗೆ ಬಂದಾಗ ತಾಯಿ ಇರಬೇಕೋ ಬೇಡವೋ ಎಂದು ಕೇಳಿದೆ. ಅದಕ್ಕೆ ಮಾತ್ರ ಅವರ ಕಣ್ಣು ತುಂಬಿತು.

"ಇದು ಆಕಿಗೆ ಮುಟ್ಟಬೇಕು ಯವ್ವಾ" ಅಂದರು. "ಇಲ್ಲಂದ್ರ ಆಕಿ ಹೆಸರ್ಲೇ ಒಬ್ಬ ಮುತ್ತೈದಿ ಉಡಿಗೆ ಬೀಳಬೇಕು. ಕಲ್ಲಿನ ಮ್ಯಾಲ ಬಿಟ್ಟು ಏಳಾಕ ಬರಂಗಿಲ್ಲ."

ಹೇಳುತ್ತ ಹೇಳುತ್ತ ಅವರ ನೋಟ ನನ್ನ ಮೇಲೆ ನಿಂತಿತು. ಟೋಪಿಯಿಂದ ಬೂಟಿನವರೆಗೆ ನಾನು ಕೆಂಪು ನೀರಿನಲ್ಲಿ ತೊಯ್ದಿದ್ದೆ. "ನೀವೂ ನೀರಾಗಿಂದ ಎದ್ದು ಬಂದೀರಿ" ಎಂದು ಮೆಲ್ಲಗೆ ಅಂದರು. "ನಿಲ್ರಿ. ಉಡಿ ಒಡ್ಡ್ರಿ."

ಒಡ್ಡಿದ್ದರೆ ಮುಗಿದಿತ್ತು. ಒಂದು ಮಾತೂ ಆಡಬೇಕಿರಲಿಲ್ಲ. ಟೋಪಿ ಹಣೆಯ ಮೇಲೇ ಇತ್ತು. ಹಿಂದೆ ಹಗ್ಗ ಎರಡು ಸಲ ಜಗ್ಗಿತು. ಬೇಗ ಬಾ ಎಂದು ಹಿಂದಾಳು ಹೇಳುವ ರೀತಿ ಅದು. ಕೈ ಮುಂದೆ ಹೋಯಿತು ಕೂಡ. ಆದರೆ ನಾಳೆ ಆ ಮಗುವಿಗೆ ಏನಾದರೂ ಆದರೆ? ಈಕೆ ಅಳಿಯನನ್ನು ಕೇಳುತ್ತಾರೆ, ಅವನಿಗೆ ನನ್ನ ವಿಷಯ ಗೊತ್ತು. ಆಗ ಈಕೆ ಬಂಡೆಯ ಮೇಲೆಯೇ ಉಳಿಯಬೇಕಿತ್ತು ಎಂದುಕೊಂಡು ಬದುಕುತ್ತಾರೆ. ಒಬ್ಬರ ನಂಬಿಕೆಯನ್ನು ಕದ್ದು ಜೀವ ಉಳಿಸಿದರೆ ಅದು ಎಂಥ ಉಳಿಸಿದ್ದು ಎಂದು ನನಗೆ ಅನ್ನಿಸಿತು. ಇಷ್ಟೆಲ್ಲ ಸರಿಯಾಗಿ ಯೋಚಿಸಿದೆನೋ, ಆಮೇಲೆ ಜೋಡಿಸಿಕೊಂಡೆನೋ, ಹೇಳಲಾರೆ. ಟೋಪಿ ತೆಗೆದೆ.

"ಅವ್ವಾರ, ನಾನು ಮುತ್ತೈದಿ ಅಲ್ಲ. ನಮ್ಮ ಮನಿಯವರು ಇಲ್ಲ. ಲಾರಿ ಕೆಳಗ ಹೋದ್ರು."

ಅವರು ನನ್ನ ಹಣೆ ನೋಡಿದರು. ಕಲ್ಲು ನೋಡಿದರು. ಒಂದು ಅಲೆ ಬಂದು ಕಲ್ಲಿನ ಬುಡಕ್ಕೆ ನೊರೆ ಬಿಟ್ಟು ಹಿಂದೆ ಹೋಯಿತು. ಈಗ ಈಕೆ ಏಳುವುದಿಲ್ಲ, ಸತ್ಯ ಹೇಳಿ ಕೊಂದೆ ಎಂದು ನನಗೆ ನನ್ನ ಮೇಲೆಯೇ ಹೇಸಿಗೆ ಆಯಿತು.

"ಈಜು ಬರತೈತೇನು ನಿಮಗ?" ಎಂದು ಕೇಳಿದರು.

"ಸುಮಾರು ಬರತೈತಿ."

"ಅಂಜಿಕಿ ಬರಲಿಲ್ಲೇನು?"

"ಭಾಳ ಬಂತ್ರಿ."

"ಮುತ್ತೈದೇರು ಊಟ ಮಾಡಿ ಗುಡ್ಡ ಹತ್ತಿ ಹೋದ್ರು" ಅಂದರು ಅವ್ವಾರು. "ಯಾರೂ ನನ್ನ ಹೆಸರು ಕೇಳಲಿಲ್ಲ. ಆಕಿ ಕಳಿಸಿದ್ದು ನಿಮ್ಮನ್ನ. ಯಾರನ್ನ ಕಳಿಸಬೇಕು ಅಂತ ಆಕಿಗೆ ನಾನೇನು ಹೇಳ್ಲಿ." ಪೂರ್ತಿ ಮನಸ್ಸು ಒಪ್ಪಿ ಹಾಗೆ ಹೇಳಿದರೆಂದು ನನಗೆ ಅನ್ನಿಸಲಿಲ್ಲ, ಒಪ್ಪಿಸಿಕೊಳ್ಳುತ್ತಿದ್ದರು. ಐದು ಸಲ ಅಕ್ಕಿ, ಆಮೇಲೆ ಕೊಬ್ಬರಿ, ಬೆಲ್ಲ, ಬಳೆ, ಕೊನೆಗೆ ಕಣ. ಸೆರಗಿಲ್ಲದ ನಾನು ಅಂಗಿಯ ಮುಂಭಾಗ ಎತ್ತಿ ಹಿಡಿದಿದ್ದೆ. ನನ್ನ ಉಡಿಗೆ ಯಾರಾದರೂ ಏನಾದರೂ ಹಾಕಿ ಎಷ್ಟೋ ವರ್ಷವಾಗಿತ್ತು. ಅಳು ಬಂತು, ನೀರಿನಲ್ಲಿ ತೊಯ್ದ ಮುಖದಲ್ಲಿ ಅದು ಗೊತ್ತಾಗುವಂತಿರಲಿಲ್ಲ. ಎಲ್ಲವನ್ನೂ ಕಣದಲ್ಲಿ ಗಂಟು ಕಟ್ಟಿ ಅಂಗಿಯೊಳಗೆ ಇಟ್ಟು ಜಾಕೆಟ್ ಬಿಗಿದುಕೊಂಡೆ.

ವಾಪಸು ಬರುವಾಗ ನೀರು ಎದೆಮಟ್ಟ. ಅವ್ವಾರಿಗೆ ಜಾಕೆಟ್ ತೊಡಿಸಿ, ಹಗ್ಗವನ್ನು ಇಬ್ಬರಿಗೂ ಸೇರಿಸಿ ಕಟ್ಟಿ, ಎರಡೂ ಕೈಯಿಂದ ನನ್ನ ಹೆಗಲು ಹಿಡಿದುಕೊಳ್ಳಲು ಹೇಳಿದೆ. ನಾನು ಹಿಂದೆ ಹಿಂದೆ ನಡೆಯುತ್ತ, ಅವರು ನನ್ನ ಮುಖ ನೋಡುತ್ತ. ಗುಂಡಿಯ ಅಂಚನ್ನು ಬರುವಾಗ ನೆನಪಿಟ್ಟುಕೊಂಡಿದ್ದೆ. ಆದರೆ ಅಷ್ಟರಲ್ಲಿ ಅಂಚು ಕರಗಿ ಕುಸಿದಿತ್ತು. ಕಾಲ ಕೆಳಗಿನ ನೆಲ ಮೆಲ್ಲನೆ ಜಾರಿತು, ನಾನು ಮುಳುಗಿದೆ, ನನ್ನ ಮೇಲೆ ಅವ್ವಾರು ಬಿದ್ದರು. ಕೆಂಪು ಕತ್ತಲೆ. ಹಗ್ಗ ಸೊಂಟ ಕತ್ತರಿಸುವಂತೆ ಬಿಗಿಯಿತು. ಅವರು ಕೊಸರಲಿಲ್ಲ. ನನ್ನ ಹೆಗಲನ್ನು ಹಿಡಿದ ಹಿಡಿತ ಬಿಡದೆ ಎದೆಗೆ ಎದೆ ಒತ್ತಿಕೊಂಡರು. ಆಗಲೇ ನನ್ನ ಜಾಕೆಟ್ಟಿನೊಳಗೆ, ಎದೆಯ ಹತ್ತಿರ, ಚಟಚಟ ಎಂದಿತು.

ನಾಲ್ವರೂ ಸೇರಿ ಜಗ್ಗಿ ನಮ್ಮನ್ನು ದಡಕ್ಕೆ ಹಾಕಿದರು. ಅಳಿಯ ಅತ್ತೆಯ ಕಾಲು ಹಿಡಿದು ಅತ್ತ. ಅವರು ಅವನ ತಲೆಯ ಮೇಲೆ ಕೈಯಿಟ್ಟು, "ಮಗಳಿಗೆ ಹೇಳಬ್ಯಾಡ್ರಿ, ಬಸುರಿ ಹೆಂಗಸು, ಅಂಜ್ತಾಳ" ಎಂದಷ್ಟೇ ಹೇಳಿದರು. ನಾನು ಸ್ವಲ್ಪ ದೂರ ಹೋಗಿ ಗಂಟು ಬಿಚ್ಚಿದೆ. ಒಂದು ಬಳೆಯೂ ಉಳಿದಿರಲಿಲ್ಲ. ಹಸಿರು ಚೂರುಗಳು ಒದ್ದೆ ಅಕ್ಕಿಯಲ್ಲಿ ಸೇರಿಕೊಂಡಿದ್ದವು, ನನ್ನ ರಕ್ತ ಅಕ್ಕಿಗೆ ಹತ್ತಿತ್ತು. ಉಡಿಯ ಬಳೆ ಒಡೆಯುವುದೆಂದರೆ ಏನೆಂದು ನಮ್ಮ ಕಡೆಯ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಮತ್ತೆ ಗಂಟು ಕಟ್ಟಿದೆ. ಅವ್ವಾರಿಗೆ ಹೇಳಲಿಲ್ಲ. ಇವತ್ತಿನ ಪಾಲಿನ ಸತ್ಯ ಹೇಳಿ ಆಗಿದೆ ಎಂದುಕೊಂಡೆ.

ಹೊತ್ತು ಮುಳುಗುವ ಮೊದಲು ಗುಡ್ಡದ ನೆತ್ತಿ ಮುಟ್ಟಿದೆವು. ತಿರುಗಿ ನೋಡಿದರೆ ಆಮೆಬಂಡೆಯ ಬೆನ್ನು ಮಾತ್ರ ಕಾಣುತ್ತಿತ್ತು. ಒಂದೆರಡು ದಿನದಲ್ಲಿ ಅದೂ ಇರಲಿಲ್ಲ ಎಂದು ಮೀನು ಹಿಡಿಯುವವರು ಹೇಳಿದರು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆ ಎಂದರೆ, ಫೋನು ಬಂದರೆ ಮೊದಲು ಹೆಸರು ನೋಡುತ್ತಿದ್ದೆ. ಅಳಿಯನ ಹೆಸರು ಕಂಡರೆ ಎರಡು ಸಲ ರಿಂಗಾಗಲು ಬಿಟ್ಟು ಎತ್ತುತ್ತಿದ್ದೆ. ಅವನು ನಡಿಗೆಯ ವಿಷಯ ಮಾತಾಡಿ ಇಡುತ್ತಿದ್ದ. ಹೆಂಡತಿ ಹೇಗಿದ್ದಾಳೆ ಎಂದು ನಾನು ಕೇಳುತ್ತಿರಲಿಲ್ಲ. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು, ಹಗ್ಗ ಮತ್ತು ಕೋಲನ್ನು ನಂಬುವವಳು. ಆದರೂ ಕಪಾಟಿನಲ್ಲಿ ಆ ಹಸಿರು ಗಂಟು ಇತ್ತು. ಎಸೆಯಲು ಧೈರ್ಯ ಬರಲಿಲ್ಲ, ಬಿಚ್ಚಲೂ ಬರಲಿಲ್ಲ. ಡ್ಯಾಮಿನ ಗೇಟು ತೆಗೆದರು, ಊರೆಲ್ಲ ನೋಡಲು ಹೋಯಿತು. ನಾನು ಹೋಗಲಿಲ್ಲ.

ಮಹಾನವಮಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಂಪ್ಲಿಯಿಂದಲೇ ಫೋನು ಬಂತು. ಅವ್ವಾರ ದನಿ.

"ಹೆಣ್ಣು ಕೂಸು, ಯವ್ವಾ. ತಾಯಿ ಮಗಳು ಇಬ್ಬರೂ ಚಲೋ ಅದಾರ."

ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

"ಬರೋ ಸೋಮಾರ ತೊಟ್ಲಾ ಕಟ್ತೀವಿ. ತೊಟ್ಲದಾಗ ಕೂಸು ಹಾಕೋರು ನೀವ. ಮನ್ಯಾಗ ಎಲ್ಲಾರಿಗೂ ಹೇಳೀನಿ, ಒಬ್ಬಿಬ್ರು ಮಾರಿ ತಿರುವಿದ್ರು, ತಿರುವಲಿ. ಆ ಕಣ ಹೊಲಿಸ್ಕಂಡು, ಬಳಿ ಇಟ್ಕಂಡು ಬರ್ರಿ."

ಇನ್ನು ಮುಚ್ಚಿಡುವುದಕ್ಕೆ ಕಾರಣ ಉಳಿದಿರಲಿಲ್ಲ. "ಅವ್ವಾರ, ಬಳಿ ಒಡದಾವ್ರಿ. ಅವತ್ತ ನೀರಾಗ ಒಡದ್ವು. ನಿಮಗ ಹೇಳಲಿಲ್ಲ."

ಆ ಕಡೆ ಎಲ್ಲೋ ಕೂಸು ಅಳುವುದು ಕೇಳಿಸಿತು.

"ಸಪ್ಪಳ ನನಗೂ ಕೇಳಿಸಿತ್ತು, ಯವ್ವಾ" ಅಂದರು. "ನೀವು ಅಂಜ್ತೀರಂತ ನಾನೂ ಸುಮ್ನಿದ್ದೆ."

ಆ ದಿನವೇ ಗಂಟು ಬಿಚ್ಚಿ, ಚೂರುಗಳನ್ನು ಆರಿಸಿ, ಕಣವನ್ನು ಎರಡು ನೀರಿನಲ್ಲಿ ಜಾಲಿಸಿದೆ. ಕೆಂಪು ಮಣ್ಣಿನ ಕಲೆ ಪೂರ್ತಿ ಹೋಗಲಿಲ್ಲ. ಹಾಗೆಯೇ ಒಣಗಿಸಿ ಟೇಲರ್ ಅಂಗಡಿಗೆ ಒಯ್ದೆ. ಯಾರ ಅಳತೆ ಎಂದು ಕೇಳಿದ. ನನ್ನದೇ ಎಂದೆ.